ಮೂರು ವರ್ಷ, ಮೂರು ಕಾಳು: ಕೆರೆಯಂಚಿನಲ್ಲಿ ನನ್ನ ಬೀನ್ ಬ್ಯಾಗ್

2021ರ ನವೆಂಬರ್‌ನಲ್ಲಿ ಆನ್‌ಲೈನ್‌ನಲ್ಲಿ ಒಂದು ಖಾಲಿ ಬೀನ್ ಬ್ಯಾಗ್ ತರಿಸಿದೆ. ಉದ್ದ ಲೆನ್ಸ್ ಇಟ್ಟು ಫೋಟೋ ತೆಗೆಯಲು ಬಳಸುವ ದಿಂಬಿನಂಥ ಚೀಲ ಅದು. ನಮ್ಮ ಹಿರಿಯರು ಹೆಗಲ ಮೇಲೆ ಹಾಕಿಕೊಳ್ಳುತ್ತಿದ್ದ ಹಸಿಬೆ ಚೀಲ ನೋಡಿದ್ದೀರಲ್ಲ, ಹಾಗೇ ಎರಡು ಹೊಟ್ಟೆ, ನಡುವೆ ಒಂದು ಪಟ್ಟಿ. ದಪ್ಪ ಕ್ಯಾನ್ವಾಸ್ ಬಟ್ಟೆ, ಎರಡು ಕಡೆ ಜಿಪ್. ಬೆಲೆ 850 ರೂಪಾಯಿ. ಒಳಗೆ ಏನು ತುಂಬಬೇಕು ಅನ್ನುವುದು ನಮಗೇ ಬಿಟ್ಟಿದ್ದು. ಮೂರು ವರ್ಷಕ್ಕೂ ಜಾಸ್ತಿ ಬಳಸಿದ ಮೇಲೆ ಈಗ ಬರೆಯುತ್ತಿದ್ದೇನೆ. ಹೊಸದರಲ್ಲಿ ಬರೆದಿದ್ದರೆ ಇದರ ಅರ್ಧ ವಿಷಯ ನನಗೆ ಗೊತ್ತೇ ಇರುತ್ತಿರಲಿಲ್ಲ.

ನನ್ನ ಬಳಿ ಇರುವುದು ನಿಕಾನ್ ಡಿ500 ಕ್ಯಾಮೆರಾ, ದೂರದ ಹಕ್ಕಿಯನ್ನು ಹತ್ತಿರ ತೋರಿಸುವ 200-500 ಎಂಎಂ ಎಫ್ 5.6 ಲೆನ್ಸ್. ಲೆನ್ಸೇ ಸುಮಾರು 2.3 ಕೆಜಿ, ಕ್ಯಾಮೆರಾ ಸೇರಿ ಮೂರು ಕೆಜಿ ದಾಟುತ್ತದೆ. ನಾನು ತೆಗೆಯುವುದು ಹೆಚ್ಚಾಗಿ ಕೆರೆಯಂಚಿನ ಹಕ್ಕಿಗಳನ್ನು. ಮೆಟ್ಟುಗಾಲು ಹಕ್ಕಿ, ಗೊರವಗಳು, ಟಿಟ್ಟಿಭ, ಕೊಳದ ಬಕ. ಅವುಗಳಲ್ಲೂ ಮೆಟ್ಟುಗಾಲು ಹಕ್ಕಿ ಅಂದರೆ ನನಗೆ ಪ್ರಾಣ. ಬಿಳಿ ಮೈ, ಕಪ್ಪು ರೆಕ್ಕೆ, ಸೂಜಿಯಂಥ ಕೊಕ್ಕು, ಗುಲಾಬಿ ಬಣ್ಣದ ಉದ್ದುದ್ದ ಕಾಲು. ತೂಕ ಇನ್ನೂರು ಗ್ರಾಂ ಆಸುಪಾಸು ಅಷ್ಟೇ.

ಈ ಚೀಲ ಬರುವ ಮೊದಲು ಎರಡು ವರ್ಷ ನಾನು ಈ ಹಕ್ಕಿಯನ್ನು ಕೆರೆ ಏರಿ ಮೇಲೆ ನಿಂತು ತೆಗೆದೆ. ಟ್ರೈಪಾಡ್ ಇತ್ತು, ಬೆಳಕೂ ಇತ್ತು. ಫೋಟೋ ಮಾತ್ರ ಒಂದೂ ಮನಸ್ಸಿಗೆ ಹಿಡಿಸಲಿಲ್ಲ. ಹಕ್ಕಿ ಕೆಸರಿಗೆ ಅಂಟಿಸಿದ ಹಾಗೆ ಕಾಣುತ್ತಿತ್ತು. ಲೆನ್ಸ್ ಸರಿ ಇಲ್ಲವೇನೋ ಅಂದುಕೊಂಡಿದ್ದೆ. ತಪ್ಪು ಇದ್ದದ್ದು ಎತ್ತರದಲ್ಲಿ.

ಸ್ವಲ್ಪ ಲೆಕ್ಕ ಹಾಕಿ ನೋಡೋಣ. ನೀರಿನ ಮಟ್ಟದಲ್ಲೇ ನಾನು ನಿಂತರೂ ಕ್ಯಾಮೆರಾ ನೆಲದಿಂದ ಒಂದೂವರೆ ಮೀಟರ್ ಮೇಲಿರುತ್ತದೆ. ಹಕ್ಕಿ 15 ಮೀಟರ್ ದೂರ, ಅದರ ತಲೆ ನೆಲದಿಂದ ಒಂದಡಿ ಮೇಲೆ. ಲೆನ್ಸಿನಿಂದ ಹಕ್ಕಿಯ ತಲೆಗೆ ಒಂದು ದಾರ ಎಳೆದು ಹಾಗೇ ಮುಂದಕ್ಕೆ ಬಿಟ್ಟರೆ, ಅದು ಹಕ್ಕಿಯ ಹಿಂದೆ ನಾಲ್ಕು ಮೀಟರ್ ಹೋಗುವಷ್ಟರಲ್ಲಿ ನೆಲ ಮುಟ್ಟುತ್ತದೆ. ಅಂದರೆ ಫೋಟೋದಲ್ಲಿ ಹಕ್ಕಿಯ ಹಿಂದೆ ಬರುವುದು ನಾಲ್ಕೇ ಮೀಟರ್ ಆಚೆಯ ಕೆಸರು, ಕಡ್ಡಿ, ಪ್ಲಾಸ್ಟಿಕ್ ಕವರ್. ಅದೇ ಬ್ಯಾಗನ್ನು ನೆಲಕ್ಕಿಟ್ಟು ಅದರ ಮೇಲೆ ಲೆನ್ಸ್ ಇಟ್ಟರೆ ಎತ್ತರ ಸುಮಾರು 20 ಸೆಂಟಿಮೀಟರ್. ಆಗ ದಾರ ನೆಲ ಮುಟ್ಟುವುದೇ ಇಲ್ಲ, ನೇರ ಕೆರೆಯಾಚೆಯ ಹೊಂಗೆ ಮರಗಳಿಗೆ ಹೋಗಿ ನಿಲ್ಲುತ್ತದೆ. ಲೆನ್ಸನ್ನು ಪೂರ್ತಿ 500 ಎಂಎಂಗೆ ಎಳೆದು, ಅದರ ಬಾಯಿ ಪೂರ್ತಿ ತೆರೆದರೆ (ಅದೇ ಎಫ್ 5.6), 15 ಮೀಟರ್ ದೂರಕ್ಕೆ ಸ್ಪಷ್ಟವಾಗಿ ಬರುವುದು ಹೆಚ್ಚುಕಮ್ಮಿ ಒಂದು ಗೇಣು ಜಾಗ. ಮಿಕ್ಕಿದ್ದೆಲ್ಲ ಕರಗುತ್ತದೆ. ಆ ಮರಗಳು ಬರೀ ಹಸಿರು ಮಬ್ಬಾಗುತ್ತವೆ. ಹಕ್ಕಿ ಒಂದೇ ಎದ್ದು ನಿಲ್ಲುತ್ತದೆ. ಅದೇ ಲೆನ್ಸ್, ಅದೇ ಕೆರೆ, ಅದೇ ಹಕ್ಕಿ!

ಇನ್ನು ಏನು ತುಂಬಿದೆ ಅನ್ನುವ ವಿಷಯ. ಈ ಬ್ಯಾಗ್ ಕೊಳ್ಳುವವರು ನಿಜವಾಗಿ ಕೇಳಬೇಕಾದ ಪ್ರಶ್ನೆ ಇದೇ.

ಮೊದಲು ರಾಗಿ ತುಂಬಿದೆ. ನಮ್ಮ ಮನೆಯಲ್ಲಿ ರಾಗಿಗೆ ಬರ ಇಲ್ಲ, ಹುಳವೂ ಬೇಗ ಹಿಡಿಯುವುದಿಲ್ಲ. ಲೆನ್ಸ್ ಹಿಡಿದುಕೊಳ್ಳುವ ವಿಷಯದಲ್ಲಿ ರಾಗಿಯಷ್ಟು ಒಳ್ಳೆಯದು ಇನ್ನೊಂದು ಇಲ್ಲ. ಸಣ್ಣ ಕಾಳು, ಮರಳಿನ ಹಾಗೆ ಕೂರುತ್ತದೆ, ಸದ್ದಿಲ್ಲ. ಲೆನ್ಸ್ ಇಟ್ಟು ಒಂದು ಸಲ ಒತ್ತಿದರೆ ಅದರ ಆಕಾರಕ್ಕೇ ಗುಳಿ ಬೀಳುತ್ತದೆ. ಆದರೆ ಹೊಲಿಗೆ ಸಂದಿಯಿಂದ ಸೋರಲು ಶುರುವಾಯಿತು. ಒಂದು ದಿನ ಚೀಲದ ತಳ ನೆನೆದದ್ದು ನನಗೆ ಗೊತ್ತಾಗಲಿಲ್ಲ. ಕಾರಿನ ಡಿಕ್ಕಿಯಲ್ಲಿ ನಾಲ್ಕು ದಿನ ಬಿಟ್ಟಿದ್ದೆ. ಜಿಪ್ ತೆಗೆದರೆ ಹುಳಿ ವಾಸನೆ, ರಾಗಿಯೆಲ್ಲ ಬೆಳ್ಳಗೆ ಮೊಳಕೆ. ಅಷ್ಟೂ ರಾಗಿ ಹಾಳಾಯಿತಲ್ಲ ಅಂತ ನಮ್ಮಮ್ಮ ಬೇಜಾರು ಮಾಡಿಕೊಂಡರು. ಅವರು ಬೇಜಾರಾಗಿದ್ದು ನ್ಯಾಯವೇ. ತಿನ್ನುವ ಕಾಳನ್ನು ಇದಕ್ಕೆ ಬಳಸಬಾರದು ಅಂತ ಅವತ್ತೇ ತೀರ್ಮಾನ ಮಾಡಿದೆ.

ಆಮೇಲೆ ಥರ್ಮೋಕೋಲ್ ಗುಂಡುಗಳು. ಹಗುರ, ನೆನೆಯುವುದಿಲ್ಲ. ಆದರೆ ಮೂರು ಕೆಜಿ ಭಾರಕ್ಕೆ ಅವು ಬದಿಗೆ ಜಾರುತ್ತವೆ. ಲೆನ್ಸ್ ಸ್ವಲ್ಪ ತಿರುಗಿಸಿದರೂ ಕಿರ್ರ್ ಅನ್ನುತ್ತದೆ. ಎದುರಿಗೆ ಹತ್ತು ಮೀಟರ್‌ನಲ್ಲಿ ಹಕ್ಕಿ ಇರುವಾಗ ಆ ಸದ್ದು ಸಾಕು, ಅದು ತಲೆ ಎತ್ತಿಬಿಡುತ್ತದೆ. ಜೊತೆಗೆ ಜಿಪ್ ಬಾಯಿ ಬಿಟ್ಟರೆ ಗುಂಡುಗಳು ಗಾಳಿಗೆ ಹಾರಿ ಕೆರೆಗೆ ಬೀಳುತ್ತವೆ, ಹಕ್ಕಿ ಅವನ್ನೂ ಕುಕ್ಕಿ ನೋಡಬಹುದು. ದಯವಿಟ್ಟು ಕೆರೆ ಹತ್ತಿರ ಇದನ್ನು ಬಳಸಬೇಡಿ.

ಈಗ ಇರುವುದು ಹುಣಸೆ ಬೀಜ. ನಮ್ಮ ತುಮಕೂರು ಕಡೆ ಹುಣಸೆಗೆ ಕೊರತೆ ಇಲ್ಲ, ಹಣ್ಣು ಬಿಡಿಸಿದ ಮೇಲೆ ಬೀಜ ರಾಶಿ ಬೀಳುತ್ತದೆ. ಚೌಕಾಬಾರ ಆಡಲು ಚಿಕ್ಕಂದಿನಲ್ಲಿ ಕಲ್ಲಿಗೆ ಉಜ್ಜಿ ಒಂದು ಮೈ ಬಿಳಿ ಮಾಡುತ್ತಿದ್ದೆವಲ್ಲ, ಅದೇ ಬೀಜ. ಹಸಿ ಬೀಜಕ್ಕೆ ಕೊರೆಯುವ ಹುಳ ಬರುತ್ತದೆ. ಅದಕ್ಕೇ ದೊಡ್ಡ ಬಾಣಲೆಯಲ್ಲಿ ಹುರಿದು, ಆರಿಸಿ ತುಂಬಿದೆ. ಹುರಿದ ಮೇಲೆ ಮೊಳಕೆಯ ಭಯವೂ ಇಲ್ಲ. ನುಣುಪು ಬೀಜ, ಹೊಲಿಗೆ ಸಂದಿಯಲ್ಲಿ ಸೋರಲ್ಲ. ರಾಗಿಯಷ್ಟು ಮೃದು ಅಲ್ಲ ನಿಜ, ಆದರೆ ಮುಕ್ಕಾಲು ಭಾಗ ಮಾತ್ರ ತುಂಬಿದರೆ ಲೆನ್ಸ್ ಚೆನ್ನಾಗಿ ಕೂರುತ್ತದೆ. ತುಂಬಿದ ಚೀಲ ಮೂರು ಕೆಜಿ ಆಗುತ್ತದೆ. ಒಂದೂವರೆ ವರ್ಷದಿಂದ ಬದಲಾಯಿಸಿಲ್ಲ.

ಚೀಲದ ತೊಂದರೆಗಳನ್ನೂ ಹೇಳಬೇಕು. ಜಿಪ್ ಎಂಟೇ ತಿಂಗಳಿಗೆ ತುಕ್ಕು ಹಿಡಿಯಿತು. ವಾಟರ್‌ಪ್ರೂಫ್ ಅಂತ ಬರೆದಿದ್ದ ತಳ ವಾಟರ್‌ಪ್ರೂಫ್ ಆಗಿರಲಿಲ್ಲ. ಮಾರಿದವರಿಗೆ ಫೋಟೋ ಸಮೇತ ಎರಡು ಸಲ ಬರೆದೆ, ಉತ್ತರ ಬರಲಿಲ್ಲ. ಕೊನೆಗೆ ಊರಿನಲ್ಲಿ ಆಟೋ ಸೀಟ್ ಕವರ್ ಹೊಲಿಯುವವರ ಹತ್ತಿರ ಕೊಟ್ಟೆ. ತಳಕ್ಕೆ ರೆಕ್ಸಿನ್ ಹಾಕಿ, ದಪ್ಪ ಪ್ಲಾಸ್ಟಿಕ್ ಜಿಪ್ ಕೂರಿಸಿ, ಎರಡು ಸಾಲು ಹೊಲಿಗೆ ಹಾಕಿಕೊಟ್ಟರು. 180 ರೂಪಾಯಿ. ಅವರ ಹೊಲಿಗೆ ಇವತ್ತಿಗೂ ಬಿಟ್ಟಿಲ್ಲ. ಮತ್ತೆ ಕೊಳ್ಳುವುದಾದರೆ ನಾನು ಆನ್‌ಲೈನ್ ಕಡೆ ಹೋಗುವುದೇ ಇಲ್ಲ, ನೇರವಾಗಿ ಅವರ ಹತ್ತಿರವೇ ಹೊಲಿಸುತ್ತೇನೆ.

ಕೆಸರಿನಲ್ಲಿ ಬ್ಯಾಗ್ ಹೂತುಹೋಗುತ್ತದೆ. ಅದಕ್ಕೆ ಕೆಳಗೆ ಒಂದು ಅಗಲವಾದ ಅಡಿಕೆ ಹಾಳೆ ಹಾಕುತ್ತೇನೆ. ಭಾರ ಹರಡಿಕೊಳ್ಳುತ್ತದೆ. ಮುಂದೆ ಸರಿಯಬೇಕಾದರೆ ಹಾಳೆಯನ್ನೇ ತಳ್ಳಿದರೆ ಸಾಕು, ಕೆಸರಿನ ಮೇಲೆ ಸದ್ದಿಲ್ಲದೆ ಜಾರುತ್ತದೆ. ನೆನೆದರೆ ಮೆತ್ತಗಾಗುತ್ತದೆ, ಎರಡು ಮೂರು ಸಲಕ್ಕೆ ಬದಲಾಯಿಸಿದರಾಯಿತು.

ಕಾರಿನಲ್ಲೂ ಬಳಸಿದ್ದೇನೆ. ಕಿಟಕಿ ಗಾಜು ಅರ್ಧ ಇಳಿಸಿ ಅದರ ಮೇಲೆ ಹಸಿಬೆಯ ಹಾಗೆ ಹಾಕಿದರೆ ಗಟ್ಟಿಯಾಗಿ ನಿಲ್ಲುತ್ತದೆ. ಎಂಜಿನ್ ಆಫ್ ಮಾಡಿರಬೇಕು, ಇಲ್ಲದಿದ್ದರೆ ನಡುಕ ಲೆನ್ಸಿಗೆ ಬರುತ್ತದೆ. ಶಿರಾ ತಾಲ್ಲೂಕಿನ ಕಗ್ಗಲಡುವಿಗೂ ಒಯ್ದಿದ್ದೆ. ಅಲ್ಲಿ ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳ ಮೇಲೇ ಗೂಡು ಕಟ್ಟುತ್ತವೆ, ಊರಿನವರು ಮಕ್ಕಳ ಹಾಗೆ ನೋಡಿಕೊಳ್ಳುತ್ತಾರೆ. ಗೂಡಿನ ಫೋಟೋಗೆ ತಲೆ ಎತ್ತಬೇಕು, ಈ ಚೀಲದ ಉಪಯೋಗ ಇಲ್ಲ. ಅವೇ ಕೊಕ್ಕರೆಗಳು ಮೇವಿಗೆ ಕೆರೆಗೆ ಇಳಿದಾಗ ಮಾತ್ರ ಬೇಕೇ ಬೇಕು. ಕೊಕ್ಕನ್ನು ಅರ್ಧ ತೆರೆದು ನೀರಿನಲ್ಲಿ ಮುಳುಗಿಸಿ ಆ ಕಡೆ ಈ ಕಡೆ ಬೀಸುತ್ತಾ ನಡೆಯುತ್ತವೆ. ಮೀನು ಕೊಕ್ಕಿಗೆ ತಗುಲಿದ ತಕ್ಷಣ ಟಪ್ ಅಂತ ಮುಚ್ಚುತ್ತವೆ. ಕಣ್ಣಿಂದ ಹುಡುಕುವುದಕ್ಕಿಂತ ಮುಟ್ಟಿ ಹಿಡಿಯುವುದೇ ಅವುಗಳ ರೀತಿ.

ಯಾವಾಗ ಹೋಗಬೇಕು ಅನ್ನುವುದೂ ಮುಖ್ಯ. 2022ರಲ್ಲಿ ನಮ್ಮ ಕಡೆ ಭಾರಿ ಮಳೆ ಆಗಿ ಕೆರೆಗಳು ಕೋಡಿ ಬಿದ್ದವು. ಎಲ್ಲರಿಗೂ ಸಂತೋಷ, ನನಗೂ ಸಂತೋಷ. ಆದರೆ ಆ ಚಳಿಗಾಲ ಮೆಟ್ಟುಗಾಲು ಹಕ್ಕಿ ಕಂಡದ್ದು ಕಡಿಮೆ. ತುಂಬಿದ ಕೆರೆಗೆ ಕೆಸರಿನ ಅಂಚೇ ಇರುವುದಿಲ್ಲ, ನೀರು ನೇರ ಏರಿಗೆ, ಜಾಲಿ ಗಿಡಕ್ಕೆ ಬಡಿಯುತ್ತಿರುತ್ತದೆ. ಉದ್ದ ಕಾಲಿನ ಹಕ್ಕಿಗೂ ಒಂದು ಅಳತೆ ಇದೆ, ಅಲ್ವಾ? ನೀರು ಇಳಿದು ಗೋಡು ಹೊರಗೆ ಬಂದಾಗ ಹುಳುಹುಪ್ಪಟೆ ಸಿಗುತ್ತವೆ. ಡಿಸೆಂಬರ್‌ನಿಂದ ಮಾರ್ಚ್ ನನಗೆ ಒಳ್ಳೆಯ ಕಾಲ. ಉತ್ತರದ ದೂರದ ದೇಶಗಳಿಂದ ಬಂದ ಗೊರವಗಳೂ ಆಗ ಇರುತ್ತವೆ. ಹೇಮಾವತಿ ನಾಲೆ ನೀರು ಬರುವ ಕೆರೆಗಳಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿ ನಾಲೆಗೆ ನೀರು ಬಿಟ್ಟರೆ ಬೇಸಿಗೆಯಲ್ಲೂ ಅಂಚು ಮುಳುಗಬಹುದು. ಮೊದಲೇ ಹೋಗಿ ನೋಡಿಕೊಂಡು ಬನ್ನಿ.

ಸೂರ್ಯ ಹುಟ್ಟುವ ಮೊದಲೇ ಕೆರೆಯಂಚಿಗೆ ಹೋಗಿ ಚೀಲದ ಹಿಂದೆ ಮಲಗಿರಬೇಕು. ಬೆಳಕು ನನ್ನ ಬೆನ್ನ ಹಿಂದಿನಿಂದ ಬರುವ ಹಾಗೆ ಜಾಗ ನೋಡಿಕೊಳ್ಳುತ್ತೇನೆ. ಶಟರ್ ವೇಗ 1/2000 ಸೆಕೆಂಡ್ ಇಟ್ಟುಕೊಳ್ಳುತ್ತೇನೆ, ಕುಕ್ಕುವ ಕೊಕ್ಕು ಅಷ್ಟು ವೇಗ. ಬಿಳಿ ಮೈ ಸುಟ್ಟುಹೋಗದಂತೆ ಎಕ್ಸ್‌ಪೋಶರ್, ಅಂದರೆ ಕ್ಯಾಮೆರಾ ಒಳಗೆ ಬಿಡುವ ಬೆಳಕು, ಸ್ವಲ್ಪ ಇಳಿಸುತ್ತೇನೆ. ಒಂಬತ್ತು ಗಂಟೆ ಆದ ಮೇಲೆ ಬಿಸಿಲಿಗೆ ಕೆಸರಿನ ಮೇಲಿನ ಗಾಳಿ ಕುಣಿಯಲು ಶುರು ಮಾಡುತ್ತದೆ. ನೆಲಕ್ಕೆ ಹತ್ತಿರ ಇರುವವರಿಗೆ ಇದರ ಕಾಟ ಜಾಸ್ತಿ. ಎಂಥ ಲೆನ್ಸ್ ಇದ್ದರೂ ಫೋಟೋ ಮಸುಕೇ. ಅಷ್ಟೊತ್ತಿಗೆ ನಾನು ಎದ್ದುಬಿಡುತ್ತೇನೆ.

ಒಂದು ಬೆಳಗ್ಗೆಯ ವಿಷಯ ಹೇಳಲೇಬೇಕು. 2024ರ ಫೆಬ್ರವರಿ. ಮಲಗಿ ಅರ್ಧ ಗಂಟೆ ಆಗಿತ್ತು. ಕುರಿ ಹೊಡೆದುಕೊಂಡು ಬಂದ ಹಿರಿಯರೊಬ್ಬರು ದೂರದಿಂದಲೇ ಕೂಗಿದರು: “ಯಾಕಪ್ಪಾ ಮಲ್ಕಂಡಿದ್ದೀಯ, ಏನಾದ್ರೂ ಆಯ್ತಾ?”

“ಏನಿಲ್ಲಜ್ಜ, ಹಕ್ಕಿ ಫೋಟೋ” ಅಂದೆ, ಮೆಲ್ಲಗೆ.

ಅವರು ಅಲ್ಲೇ ನಿಂತರು. ಕುರಿಗಳನ್ನು ಬೇರೆ ಕಡೆ ತಿರುಗಿಸಿದರು. “ಅವು ತೂಬಿನ್ ತಾವಿಂದ ಇಂಗೇ ಮೇಯ್ಕಂಡ್ ಬರ್ತವೆ. ನೀನ್ ಅಲ್ಲಾಡ್ಬ್ಯಾಡ” ಅಂದು ಹೋದರು.

ಹಾಗೇ ಆಯಿತು. ತೂಬಿನ ಕಡೆಯಿಂದ ಎರಡು ಹಕ್ಕಿ ಬಂದವು. ಒಂದು ಹೆಜ್ಜೆ, ಒಂದು ನೋಟ, ಒಂದು ಕುಕ್ಕು. ಕಾಲನ್ನು ನೀರಿನಿಂದ ಎತ್ತುವಾಗ ಬೆರಳುಗಳನ್ನು ಮಡಚಿಕೊಳ್ಳುತ್ತದೆ, ಇಡುವಾಗ ಬಿಡಿಸುತ್ತದೆ. ನೀರು ಕಲಕುವುದೇ ಇಲ್ಲ. ಕೊಕ್ಕಿನ ತುದಿಯಲ್ಲಿ ದಾರದ ಎಳೆಯಷ್ಟು ಸಣ್ಣ ಕೆಂಪು ಹುಳ. ತಲೆ ಸ್ವಲ್ಪ ಹಿಂದಕ್ಕೆ ಎಸೆದು ನುಂಗಿತು. ಕೊಕ್ಕಿನಿಂದ ಒಂದು ಹನಿ ಬಿತ್ತು. ಅದರ ಕಣ್ಣು ಕೆಂಪು, ಆ ಕಣ್ಣಿನಲ್ಲಿ ಎದುರಿನ ಇಡೀ ಏರಿ ಕಾಣುತ್ತಿತ್ತು. ಕೊನೆಗೆ ಆರೇಳು ಮೀಟರ್ ಹತ್ತಿರ ಬಂದು, ನನ್ನ ಕಡೆ ಬೆನ್ನು ಹಾಕಿ ಮೇಯುತ್ತಾ ನಿಂತಿತು. ಹೆದರಿಕೆ ಇದ್ದರೆ ಬೆನ್ನು ಹಾಕುತ್ತಿರಲಿಲ್ಲ. ಅವತ್ತು ಬಂದ ನಾನೂರು ಚಿಲ್ಲರೆ ಫೋಟೋದಲ್ಲಿ ಇಟ್ಟುಕೊಂಡದ್ದು ಒಂಬತ್ತು. ಆ ಹನಿ ಬೀಳುವ ಫೋಟೋ ಈಗ ನಮ್ಮ ಮನೆ ಗೋಡೆ ಮೇಲಿದೆ.

ಈ ಚೀಲದ ದೊಡ್ಡ ಉಪಕಾರ ಇದೇ. ತೋಳಿಗೆ ಭಾರ ಇಲ್ಲದ್ದರಿಂದ ಗಂಟೆಗಟ್ಟಲೆ ಅಲ್ಲಾಡದೆ ಇರಬಹುದು. ನಾವು ಹತ್ತಿರ ಹೋದರೆ ಹಕ್ಕಿ ಮೇಯುವುದು ಬಿಟ್ಟು ತಲೆ ಎತ್ತುತ್ತದೆ, ಕುತ್ತಿಗೆ ಕುಲುಕುತ್ತದೆ, ಕಿಪ್ ಕಿಪ್ ಅಂತ ಕೂಗುತ್ತದೆ. ಅದರ ಊಟ ಕೆಟ್ಟ ಹಾಗೆ. ನಾವು ಸುಮ್ನೆ ಬಿದ್ದಿದ್ದರೆ ಅದೇ ಮೇಯುತ್ತಾ ಬರುತ್ತದೆ. ಏಪ್ರಿಲ್ ಆದ ಮೇಲೆ ಮಾತ್ರ ನಾನು ಅಂಚಿಗೆ ಇಳಿಯುವುದಿಲ್ಲ. ಮೆಟ್ಟುಗಾಲು ಹಕ್ಕಿ, ಟಿಟ್ಟಿಭ ಎಲ್ಲ ನೆಲದ ಮೇಲೇ ಮೊಟ್ಟೆ ಇಡುತ್ತವೆ. ಮಣ್ಣಿನ ಬಣ್ಣದ ಮೊಟ್ಟೆ, ಮೊಣಕೈ ಊರಿದರೂ ಗೊತ್ತಾಗುವುದಿಲ್ಲ.

ಚೀಲಕ್ಕೆ ಐದಕ್ಕೆ ಮೂರು ಕೊಡುತ್ತೇನೆ, ಜಿಪ್ ಮತ್ತು ತಳದ ದೆಸೆಯಿಂದ. ರಿಪೇರಿ ಆದ ಮೇಲಿನ ಚೀಲಕ್ಕಾದರೆ ಐದು. ಕುತ್ತಿಗೆ ನೋವು ಇರುವವರು ಸ್ಕ್ರೀನ್ ಮೇಲಕ್ಕೆ ತಿರುಗುವ ಕ್ಯಾಮೆರಾ ಇದ್ದರೆ ಮಾತ್ರ ಹೀಗೆ ಮಲಗಿ. ನನ್ನದರಲ್ಲಿ ತಿರುಗುತ್ತದೆ, ಅದಿಲ್ಲದೆ ಒಂದು ಗಂಟೆ ಕಷ್ಟ.

ಮಳೆಗಾಲ ಕಳೆದಿದೆ. ಬೀಜವನ್ನೆಲ್ಲ ಹೊರಗೆ ಸುರಿದು ಮಹಡಿ ಮೇಲೆ ಬಿಸಿಲಿಗೆ ಹರಡಿದ್ದೇನೆ. ಚೀಲ ಒಗೆದು ದಾರಕ್ಕೆ ಹಾಕಿದೆ. ಕೆರೆಯಲ್ಲಿ ತೂಬಿನ ಹತ್ತಿರ ಒಂದು ಮಾರು ಅಗಲ ಗೋಡು ಕಾಣಿಸಿಕೊಂಡಿದೆ ಅಂತ ನಿನ್ನೆ ಸಂಜೆ ನೋಡಿಕೊಂಡು ಬಂದೆ. ಶನಿವಾರ ಮತ್ತೆ ತುಂಬಬೇಕು.