ಎರಡನೇ ಕಾಯಿಲ್ ಕೊಳ್ಳುವುದಾದರೆ ಚಿಕ್ಕದನ್ನೇ ಕೊಳ್ಳಿ

ಇಂಗ್ಲೆಂಡಿನ ಸಫೋಕ್ ಕಡೆಯ ಹೊಲಗಳಲ್ಲಿ, ರೈತರ ಒಪ್ಪಿಗೆ ಪಡೆದು, ಹಲವು ವರ್ಷಗಳಿಂದ ಮೈನ್‌ಲ್ಯಾಬ್ ಈಕ್ವಿನಾಕ್ಸ್ 800 ಮೆಟಲ್ ಡಿಟೆಕ್ಟರ್ ಬಳಸುತ್ತಿದ್ದೇನೆ. ಜೊತೆಗೆ ಬಂದಿದ್ದು 11 ಇಂಚಿನ ಕಾಯಿಲ್, ಅಂದರೆ ಕೋಲಿನ ತುದಿಯಲ್ಲಿದ್ದು ನೆಲದ ಮೇಲೆ ಬೀಸುವಾಗ ಲೋಹ ಪತ್ತೆ ಮಾಡುವ ತಟ್ಟೆ. ಆಮೇಲೆ 15x12 ಮತ್ತು 6 ಇಂಚಿನವನ್ನೂ ಕೊಂಡೆ. ಹೊಸಬರು ಕೇಳುವುದೆಲ್ಲ ದೊಡ್ಡದರ ಬಗ್ಗೆಯೇ.

ಕಾಯಿಲ್ ದೊಡ್ಡದಾದಷ್ಟೂ ಆಳದಲ್ಲಿರುವುದು ಸಿಗುತ್ತದೆ ಅನ್ನುವುದು ಅರ್ಧ ನಿಜ ಅಷ್ಟೇ. ವಿಕ್ಟೋರಿಯಾ ಕಾಲದ ಅಗಲವಾದ ಪೆನ್ನಿ ನಾಣ್ಯಕ್ಕೆ ಅದು ಸರಿ. ತೆಳ್ಳನೆಯ ಬೆಳ್ಳಿ ತುಣುಕಿಗೆ ದೊಡ್ಡ ಕಾಯಿಲ್ ಕೊಡುವ ಸಿಗ್ನಲ್ ಸಪ್ಪೆ. ಮೇಲಾಗಿ ಅದರ ಕೆಳಗೆ ಒಂದೇ ಸಲಕ್ಕೆ ಜಾಸ್ತಿ ಮಣ್ಣು ಬರುತ್ತದೆ, ಮಣ್ಣಿನ ಖನಿಜದಿಂದ ಬರುವ ಸುಳ್ಳು ಸದ್ದೂ ಜಾಸ್ತಿ.

ಹಳೇ ಮನೆ ಇದ್ದ ಜಾಗದಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಅಲ್ಲಿ ಕಾಲಿಟ್ಟಲ್ಲೆಲ್ಲ ತುಕ್ಕು ಹಿಡಿದ ಮೊಳೆಗಳು. 11 ಇಂಚಿನದರ ಕೆಳಗೆ ಮೊಳೆ, ನಾಣ್ಯ ಎರಡೂ ಒಟ್ಟಿಗೆ ಬಂದುಬಿಟ್ಟರೆ ಮೊಳೆಯ ಸದ್ದೇ ಗೆಲ್ಲುತ್ತದೆ. ಅಂಥದೇ ಒಂದು ಮೂಲೆಯಲ್ಲಿ 6 ಇಂಚಿನದನ್ನು ಹಾಕಿ ನಿಧಾನವಾಗಿ ಬೀಸಿದೆ. ಕಬ್ಬಿಣದ ಗುರುಗುಟ್ಟುವಿಕೆಯ ಮಧ್ಯೆ ಪುಟ್ಟದೊಂದು ಚೊಕ್ಕ ಸದ್ದು. ಅಡ್ಡ ತಿರುಗಿ ಬೀಸಿದರೆ ಮಾಯ. ಅಗೆದಾಗ ಸಿಕ್ಕಿದ್ದು ಬೆಳ್ಳಿ ಪೆನ್ನಿಯ ಕಾಲು ಭಾಗ, ಕತ್ತರಿಸಿದ ಎರಡು ಅಂಚೂ ನೇರ. 1279ರಲ್ಲಿ ಒಂದನೇ ಎಡ್ವರ್ಡ್ ದುಂಡನೆಯ ಫಾರ್ದಿಂಗ್ (ಕಾಲು ಪೆನ್ನಿ ನಾಣ್ಯ) ತರುವವರೆಗೆ ಅಲ್ಲಿ ಚಿಲ್ಲರೆಗೆ ಪೆನ್ನಿಯನ್ನೇ ಹೀಗೆ ತುಂಡು ಮಾಡುತ್ತಿದ್ದರು. ಅದನ್ನು ಫೈಂಡ್ಸ್ ಲಿಯೇಸನ್ ಆಫೀಸರ್‌ಗೆ (ಜನರಿಗೆ ಸಿಕ್ಕ ಹಳೇ ವಸ್ತುಗಳನ್ನು ದಾಖಲಿಸುವ ಅಧಿಕಾರಿ) ತೋರಿಸಿ ದಾಖಲೆ ಮಾಡಿಸಿದೆ. ಎಂಥ ಚೂರು ಸಿಕ್ಕರೂ ದಯವಿಟ್ಟು ಹಾಗೆ ಮಾಡಿ.

6 ಇಂಚಿನದರಿಂದ ಇಡೀ ಹೊಲ ಮುಗಿಸಲು ಹೋಗಬೇಡಿ, ಸಂಜೆಯಾದರೂ ಮುಗಿಯುವುದಿಲ್ಲ. ಅಗಲವಾದ ಹೊಲಕ್ಕೆ 11 ಸಾಕು. 15x12 ನನಗೆ ಉಪಯೋಗಕ್ಕೆ ಬಂದಿದ್ದು ಕಸ ಕಡಿಮೆ ಇರುವ ಹುಲ್ಲುಗಾವಲಲ್ಲಿ ಮಾತ್ರ. ಗೋಧಿ ಕೊಯ್ದ ಹೊಲದಲ್ಲಿ ಅದು ಕೂಳೆಗೆ ತಗಲುತ್ತಲೇ ಇರುತ್ತದೆ, ಮುಂಭಾರಕ್ಕೆ ಮೊಣಕೈ ಹಿಡಿದುಕೊಳ್ಳುತ್ತದೆ. ಅಗೆಯುವ ಮುಂಚೆ ಜಾಗ ಸರಿಯಾಗಿ ಗುರುತಿಸುವುದೂ ಕಷ್ಟ, ಗುಂಡಿ ದೊಡ್ಡದಾಗುತ್ತದೆ. ರೈತರಿಗೆ ಅದು ಇಷ್ಟ ಆಗಲ್ಲ ಅಲ್ವಾ?

ಒಂದು ಮಾತು, ಯಾವ ಅಳತೆಯದಾದರೂ ಕಾಯಿಲ್ ಕವರನ್ನು ಆಗಾಗ ಬಿಚ್ಚಿ ತೊಳೆಯಿರಿ. ಒಳಗೆ ಹಸಿ ಮಣ್ಣು ಸೇರಿದರೆ ಡಿಟೆಕ್ಟರ್ ಸುಮ್ನೆ ಕೂಗುತ್ತಿರುತ್ತದೆ.