ಅಮ್ಮನ ಪಿಕ್ ಲೈನ್‌ಗೆ ಮನೆಯಲ್ಲೇ ಶುಶ್ರೂಷೆ: ಏಳು ತಿಂಗಳ ಅನುಭವ

ಕಿಮೋ ಶುರುವಾದಾಗ ಅಮ್ಮನ ಬಲತೋಳಿಗೆ ಪಿಕ್ ಲೈನ್ ಹಾಕಿದರು. ಮೇಲ್ತೋಳಿನ ರಕ್ತನಾಳದಲ್ಲಿ ಹೊಕ್ಕು, ತುದಿ ಹೃದಯದ ಹತ್ತಿರ ನಿಲ್ಲುವ ತೆಳು ಕೊಳವೆ ಅದು. ವಾರವಾರವೂ ಡ್ರೆಸ್ಸಿಂಗ್ ಬದಲಿಸಲು ಕಟಪಾಡಿಯಿಂದ ಮಣಿಪಾಲಕ್ಕೆ ಹೋಗಿ ಬರುವ ತ್ರಾಣ ಅಮ್ಮನಿಗಿರಲಿಲ್ಲ. ಹಾಗಾಗಿ ಮನೆಗೇ ನರ್ಸ್ ಕಳುಹಿಸುವ ಸೇವೆಗೆ ಹಣ ಕಟ್ಟಿದೆ.

ಮೊದಲ ನಾಲ್ಕು ತಿಂಗಳು ಬಂದ ನರ್ಸ್‌ಗೆ ನಾನು ಋಣಿ. ಫ್ಯಾನ್ ಆರಿಸಿ, ಅಮ್ಮನಿಗೂ ಮಾಸ್ಕ್ ಹಾಕಿಸಿಯೇ ಕೆಲಸಕ್ಕೆ ಕೈ ಹಚ್ಚುತ್ತಿದ್ದರು. ಹಳೆಯ ಡ್ರೆಸ್ಸಿಂಗನ್ನು ಮೊಣಕೈ ಕಡೆಯಿಂದ ಮೇಲಕ್ಕೆ, ಚರ್ಮಕ್ಕೆ ಒರಗಿಸಿಕೊಂಡೇ ಬಿಡಿಸುತ್ತಿದ್ದರು. ಕ್ಲೋರ್‌ಹೆಕ್ಸಿಡಿನ್ ಎಂಬ ಸೋಂಕುನಿವಾರಕ ದ್ರವದಿಂದ ಚರ್ಮವನ್ನು 30 ಸೆಕೆಂಡು ಉಜ್ಜಿ, ತಾನಾಗಿ ಒಣಗಲು ಬಿಡುತ್ತಿದ್ದರು. ಆಟಿಯ ಮಳೆಯಲ್ಲಿ ಅದು ಬೇಗ ಒಣಗದು. ನಾನು ಬೀಸಣಿಗೆ ತಂದರೆ ಬೇಡವೆಂದು ಕೈಸನ್ನೆ ಮಾಡಿದರು. ಕೊಳವೆ ಕಟ್ಟದಂತೆ ಸಲೈನ್ (ಉಪ್ಪುನೀರು) ಬಿಡಲು 10 ಮಿ.ಲೀ. ಸಿರಿಂಜ್ ಮಾತ್ರ, ಸಣ್ಣ ಸಿರಿಂಜಿನ ಒತ್ತಡ ಹೆಚ್ಚು, ಕೊಳವೆ ಒಡೆಯಬಹುದು. ತುಸು ತಳ್ಳಿ, ನಿಲ್ಲಿಸಿ, ಮತ್ತೆ ತುಸು. ಕೊನೆಗೆ ಹೊರಗುಳಿದ ಕೊಳವೆಯ ಉದ್ದ ಅಳೆದು ಪುಸ್ತಕದಲ್ಲಿ ಬರೆಯುತ್ತಿದ್ದರು. ಪ್ರತಿ ವಾರವೂ 4 ಸೆಂ.ಮೀ.

ಐದನೇ ತಿಂಗಳು ಒಂದು ಮಾತೂ ತಿಳಿಸದೆ ಬೇರೊಬ್ಬರನ್ನು ಕಳುಹಿಸಿದರು. ಅವರು ಡ್ರೆಸ್ಸಿಂಗನ್ನು ಮೇಲಿನಿಂದ ಕೆಳಕ್ಕೆ ಸರಕ್ಕನೆ ಎಳೆದರು. ಅಳತೆಪಟ್ಟಿ ಹಿಡಿದರೆ 6 ಸೆಂ.ಮೀ! ಹೊರಬಂದದ್ದನ್ನು ಒಳಕ್ಕೆ ತಳ್ಳಲು ಹೊರಟಾಗ ಅವರ ಕೈ ಹಿಡಿದು ತಡೆದೆ. ಹಾಗೆ ತಳ್ಳಿದರೆ ಸೋಂಕು ನೇರ ರಕ್ತಕ್ಕೇ ಹೋಗುತ್ತದೆ. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು ತುದಿ ಸರಿಯಾಗಿಯೇ ಇದೆ ಎಂದು ಹೇಳುವವರೆಗೂ ನನ್ನ ಜೀವ ಕೈಯಲ್ಲಿತ್ತು. ದೂರಿದರೆ ಸೇವೆಯ ಕಚೇರಿಯವರು ‘ಸಣ್ಣ ವಿಷಯ’ ಎಂದರು. ಇದನ್ನು ನಾನು ಕ್ಷಮಿಸಿಲ್ಲ. ಪಟ್ಟು ಹಿಡಿದ ಮೇಲೆ ಮೊದಲಿನವರನ್ನೇ ಮರಳಿ ಕಳುಹಿಸಿದರು.

ಇನ್ನೊಂದು ಕೊರತೆಯೂ ಇದೆ. ನಮ್ಮ ಕರಾವಳಿಯ ಬೆವರಿಗೆ ಡ್ರೆಸ್ಸಿಂಗಿನ ಅಂಚು ಏಳು ದಿನಕ್ಕೆ ಮೊದಲೇ ಏಳುತ್ತದೆ. ಎದ್ದರೆ, ಒದ್ದೆಯಾದರೆ ಆಗಲೇ ಬದಲಿಸಬೇಕು, ವಾರ ತುಂಬಲೆಂದು ಕಾಯಬಾರದು. ಆದರೆ ಭಾನುವಾರ ಇವರು ಫೋನ್ ಎತ್ತುವುದಿಲ್ಲ.

ಅಮ್ಮನಿಗೆ ಬಾವಿಯಿಂದ ನೀರು ಸೇದುವುದು ಬಂದ್ ಆಗಿದೆ, ಆ ಕೈಯಲ್ಲಿ ರಕ್ತದೊತ್ತಡವನ್ನೂ ನೋಡುವಂತಿಲ್ಲ. ಮಲ್ಲಿಗೆ ಕಟ್ಟಬಹುದು, ಬೆರಳಾಡಿಸಿದರೆ ಒಳ್ಳೆಯದೇ ಎಂದು ನರ್ಸ್ ಹೇಳಿದ ಸಂಜೆಯೇ ಅಮ್ಮ ಬಾಳೆನಾರು ನೆನೆಹಾಕಿದರು.

ಇನ್ನೂ ಎರಡು ಸುತ್ತಿನ ಕಿಮೋ ಬಾಕಿ ಇದೆ. ಸೇವೆಯನ್ನು ಮುಂದುವರಿಸಿದ್ದೇನೆ, ನರ್ಸ್ ಬದಲಾದರೆ ಹಿಂದಿನ ದಿನವೇ ತಿಳಿಸಬೇಕೆಂದು ಬರೆಸಿಕೊಂಡ ಮೇಲೆ.