ಲೋರಾ, ಕ್ಯೂಲೋರಾ, ಫುಲ್ ಫೈನ್‌ಟ್ಯೂನಿಂಗ್: ನನಗೆ ಒಗ್ಗಿದ್ದು ಯಾವುದು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕ್ಯೂಲೋರಾಗೆ. ಈ ಮೂರೂ, ತಯಾರಿರುವ ಎಐ ಭಾಷಾ ಮಾಡೆಲ್‌ಗೆ ನಮ್ಮ ಕೆಲಸ ಕಲಿಸುವ ದಾರಿಗಳು. ಬಾಡಿಗೆ ಜಿಪಿಯುಗೆ (ಮಾಡೆಲ್ ಓಡಿಸುವ ಗ್ರಾಫಿಕ್ಸ್ ಕಾರ್ಡ್) ದುಡ್ಡು ಸುರಿದ ಮೇಲೆ ಬಂದ ತೀರ್ಮಾನ ಇದು.

ಕೆಲಸ ಚಿಕ್ಕದು. ನಮ್ಮ ಬಡಾವಣೆಯ ಸಂಘಕ್ಕೆ ಬರುವ ಕನ್ನಡ ದೂರುಗಳನ್ನು ನೀರು, ರಸ್ತೆ, ಬೀದಿದೀಪ, ಕಸ ಅಂತ ವಿಂಗಡಿಸಬೇಕು. ಸಾವಿರ ದೂರುಗಳಿಗೆ ನಾನೂ ತಂಗಿಯೂ ಕೂತು ಕೈಯಾರೆ ಗುರುತು ಹಾಕಿದ್ದೆವು. ಮಾಡೆಲ್ 700 ಕೋಟಿ ಪ್ಯಾರಾಮೀಟರಿನದು, ಅಂದರೆ ಅದರ ಕಲಿಕೆ ಅಷ್ಟು ಸಂಖ್ಯೆಗಳಲ್ಲಿದೆ.

ಅಷ್ಟೂ ಸಂಖ್ಯೆಗಳನ್ನು ತಿದ್ದುವ ಫುಲ್ ಫೈನ್‌ಟ್ಯೂನಿಂಗ್‌ಗೆ 80 ಜಿಬಿ ಕಾರ್ಡ್ ಹಿಡಿದೆ. ಮೊದಲ ಸ್ಟೆಪ್ಪೂ ಮುಗಿಯಲಿಲ್ಲ, ಮೆಮೊರಿ ಸಾಲದು ಅಂತ ನಿಂತಿತು. ಆ ಸಂಖ್ಯೆಗಳನ್ನು ತಿದ್ದುವ ಆ್ಯಡಮ್ ಅನ್ನೋ ವಿಧಾನದ ಜೊತೆ ಒಂದೊಂದು ಪ್ಯಾರಾಮೀಟರಿಗೂ ಸುಮಾರು 16 ಬೈಟ್ ಬೇಕು, ಅಂದರೆ 112 ಜಿಬಿ. ಈ ಲೆಕ್ಕ ಬಾಡಿಗೆ ಕಟ್ಟುವ ಮೊದಲೇ ಹಾಕಬೇಕಿತ್ತು.

ಲೋರಾ ಅದೇ ಕಾರ್ಡಿನಲ್ಲಿ ಆರಾಮಾಗಿ ಓಡಿತು. ಮೂಲ ಮಾಡೆಲ್ ಮುಟ್ಟದೆ ಪಕ್ಕದಲ್ಲಿ ಸಣ್ಣ ಮ್ಯಾಟ್ರಿಕ್ಸ್‌ಗಳನ್ನಷ್ಟೇ ಕಲಿಸುತ್ತದೆ, ಅಲ್ವಾ. ಆದರೆ ಒಂದೊಂದು ಸಂಖ್ಯೆಗೂ 16 ಬಿಟ್ ಕೊಟ್ಟರೆ ಮಾಡೆಲ್ಲೇ 14 ಜಿಬಿ ನುಂಗುತ್ತದೆ, ಪುಕ್ಕಟೆ ಸಿಗುವ 16 ಜಿಬಿಯ ಟಿ4 ಕಾರ್ಡಿಗೆ ಅದು ಆಗದ ಮಾತು. 2023ರಲ್ಲಿ ಬಂದ ಕ್ಯೂಲೋರಾ ಅದೇ ಮಾಡೆಲನ್ನು 4 ಬಿಟ್‌ಗೆ ಇಳಿಸಿ 4 ಜಿಬಿ ಆಸುಪಾಸಿಗೆ ತರುತ್ತದೆ. ನಿಧಾನ, ನಿಜ. ಪರೀಕ್ಷೆಗೆ ಅಂತ ಬದಿಗಿಟ್ಟ ದೂರುಗಳಲ್ಲಿ ಲೋರಾ, ಕ್ಯೂಲೋರಾ ಎರಡರ ತಪ್ಪಿಗೂ ಬೆರಳೆಣಿಕೆಯ ವ್ಯತ್ಯಾಸ.



ತಲೆ ತಿಂದದ್ದು ಬೇರೆಯೇ. 'ಮೂರು ದಿನದಿಂದ ನಲ್ಲಿ ಬಂದಿಲ್ಲ' ಅಂತ ಕೊಟ್ಟರೆ 'ನೀರು' ಅಂತ ಸರಿಯಾಗಿ ಹೇಳುತ್ತಿತ್ತು. ಆದರೆ ನಿಲ್ಲುತ್ತಿರಲಿಲ್ಲ. 'ನೀರು ನೀರು ರಸ್ತೆ ನೀರು', ಹೀಗೆ ಟೋಕನ್ (ಮಾಡೆಲ್ ಓದುವ, ಬರೆಯುವ ಪದದ ತುಂಡು) ಮಿತಿ ಮುಗಿಯುವ ತನಕ. ಲೋರಾದಲ್ಲೂ ಇದೇ, ಕ್ಯೂಲೋರಾದಲ್ಲೂ ಇದೇ. ಕಲಿತದ್ದು ಸಾಲದು ಅಂದುಕೊಂಡು ರ‍್ಯಾಂಕ್ (ಆ ಸಣ್ಣ ಮ್ಯಾಟ್ರಿಕ್ಸ್‌ಗಳ ಗಾತ್ರ) ಏರಿಸಿದೆ, ಎಪಾಕ್ (ಎಲ್ಲ ದೂರುಗಳನ್ನೂ ಒಮ್ಮೆ ಕಲಿಸುವ ಸುತ್ತು) ಜಾಸ್ತಿ ಮಾಡಿದೆ, ಸುಮ್ನೆ ಎರಡು ವಾರಾಂತ್ಯ ಹೋಯಿತು.

ಕೊನೆಗೆ ಒಂದು ಬ್ಯಾಚಿನ ಲೇಬಲ್‌ಗಳನ್ನು, ಅಂದರೆ ಒಟ್ಟಿಗೆ ಕಲಿಸುವ ಕೆಲವು ದೂರುಗಳ ಸರಿ ಉತ್ತರಗಳನ್ನು, ಪ್ರಿಂಟ್ ಮಾಡಿ ನೋಡಿದೆ. ಪ್ರತಿ ಉತ್ತರದ ಕೊನೆಯಲ್ಲೂ -100. ಬರಹವನ್ನು ಟೋಕನ್‌ಗಳಾಗಿ ಒಡೆಯುವ ಟೋಕನೈಜರಿಗೆ ಪ್ಯಾಡ್ ಟೋಕನ್ (ಉದ್ದ ಸಮ ಮಾಡಲು ತುಂಬುವ ಟೋಕನ್) ಇರಲಿಲ್ಲ, ಎಲ್ಲರ ಹಾಗೆ ನಾನೂ ವಾಕ್ಯಾಂತ್ಯದ ಟೋಕನ್ನನ್ನೇ ಪ್ಯಾಡ್ ಮಾಡಿದ್ದೆ. ಬ್ಯಾಚ್ ಜೋಡಿಸುವ ಕೊಲೇಟರ್ ಪ್ಯಾಡ್ ಕಂಡಲ್ಲೆಲ್ಲ -100 ಹಾಕಿ ಲಾಸ್‌ನಿಂದ, ಅಂದರೆ ತಪ್ಪಿನ ಲೆಕ್ಕದಿಂದ, ಕೈಬಿಡುತ್ತದೆ, ಅದರ ಜೊತೆಗೆ ನಿಜವಾದ ವಾಕ್ಯಾಂತ್ಯವೂ ಹೋಯಿತು. ಎಲ್ಲಿ ನಿಲ್ಲಬೇಕು ಅಂತ ಮಾಡೆಲ್‌ಗೆ ನಾನು ಒಮ್ಮೆಯೂ ಕಲಿಸಿರಲೇ ಇಲ್ಲ. ಗುರುತಿಲ್ಲದ ಪದಕ್ಕೆ ಇಟ್ಟ ಅನ್‌ನೋನ್ ಟೋಕನ್ನನ್ನು ಪ್ಯಾಡ್ ಮಾಡಿದೆ, ಒಂದೇ ಸಾಲು, ಸರಿಹೋಯಿತು.

ಈ ತಪ್ಪನ್ನು ಗಂಟೆಗೆ ದುಡ್ಡು ಎಣಿಸುವ ಕಾರ್ಡಿನಲ್ಲಿ ಹುಡುಕಿದ್ದರೆ ಎಷ್ಟಾಗುತ್ತಿತ್ತೋ. ನಾನು ಹತ್ತು ಸಲ ಓಡಿಸಿ ನೋಡಿ ಕಲಿಯುವವಳು, ನನಗೆ ಟಿ4 ಸಾಕು. ಕಲಿತ ಸಣ್ಣ ಮ್ಯಾಟ್ರಿಕ್ಸ್‌ಗಳಿರುವ ಅಡಾಪ್ಟರ್ ಫೈಲ್ 40 ಎಂಬಿಯೂ ಇಲ್ಲ. ಹೋದ ತಿಂಗಳು ಸಂಘದವರು ಬೀದಿನಾಯಿ ಅಂತ ಹೊಸ ವಿಭಾಗ ಕೇಳಿದರು. ಗುರುತು ಹಾಕಿದ ದೂರುಗಳು ಕೈಗೆ ಬಂದ ದಿನವೇ ಮತ್ತೆ ಕಲಿಸಿ ಕೊಟ್ಟೆ, ಯಾರ ಹತ್ತಿರವೂ ದುಡ್ಡು ಕೇಳದೆ.